ಕಲ್ಲಿನ ಸಂದಿಯ ಗಾಳಿಯೂ ಅಲೆಯ ಕರೆಂಟೂ

ಪಡುಕೆರೆಯಲ್ಲಿ ಅಕ್ಕನ ಮನೆಯ ಹಿಂದೆಯೇ ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆ. ಮಳೆಗಾಲದಲ್ಲಿ ಅಲೆ ನುಗ್ಗಿದಾಗ ಕಲ್ಲುಗಳ ಸಂದಿಯಿಂದ ಬುಸ್ಸೆಂದು ಗಾಳಿ ಹೊರಡುತ್ತದೆ. ಅಕ್ಕನ ಮಗಳು ಅಲ್ಲಿ ಬಾದಾಮಿ ಎಲೆ ಇಟ್ಟು ಹಾರಿಸುತ್ತಾಳೆ. ನೀರು ಹಿಂದೆ ಸರಿಯುವಾಗ ಅದೇ ಸಂದಿ ಎಲೆಯನ್ನು ಒಳಗೆಳೆದುಕೊಳ್ಳುತ್ತದೆ.

ಅಲೆಯಿಂದ ವಿದ್ಯುತ್ ತೆಗೆಯುವ ಹಳೆಯ ವಿಧಾನವೊಂದು ಇದೇ ಆಟ. ಕಾಂಕ್ರೀಟ್ ಕೋಣೆಯೊಳಗೆ ನೀರು ಏರಿ ಇಳಿಯುತ್ತದೆ, ಮೇಲಿನ ಗಾಳಿ ಟರ್ಬೈನನ್ನು ತಿರುಗಿಸುತ್ತದೆ. ಗಾಳಿ ಹೊರಗೆ ಹೋದರೂ ಒಳಗೆ ಬಂದರೂ ಒಂದೇ ದಿಕ್ಕಿಗೆ ತಿರುಗುವ ಟರ್ಬೈನ್ ಅದು. ನೆರೆಯ ಕೇರಳದ ವಿಳಿಂಜಂನಲ್ಲಿ ಮದ್ರಾಸ್ ಐಐಟಿಯವರು 1991ರಲ್ಲೇ ಇಂಥ 150 ಕಿಲೋವಾಟ್ ಘಟಕ ಕಟ್ಟಿದ್ದರು. ಈಗ ಅದು ನಿಂತಿದೆ.

ನಮ್ಮ ಕರಾವಳಿಯಲ್ಲೂ ಸಾಲುಸಾಲು ಯಂತ್ರಗಳನ್ನು ತೇಲಿಬಿಟ್ಟರೆ ವಿದ್ಯುತ್ತಿನ ಬರ ನೀಗುತ್ತದೆ ಎಂದು ಉತ್ಸಾಹದಿಂದ ಬರೆಯುವವರಿದ್ದಾರೆ. ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆ ಕೊಳವೆ ನೋಡಿ ಬೇಸತ್ತವನಾದ್ದರಿಂದ ನನಗೂ ಆಸೆಯೇ. ಆದರೆ ಲೆಕ್ಕ ಬೇರೆ ಹೇಳುತ್ತದೆ.

ಯಂತ್ರಗಳನ್ನು ಗುಂಪಾಗಿ ಇಡುವುದಕ್ಕೆ ಕಾರಣವಿದೆ. ಒಂದೇ ಯಂತ್ರವಾದರೆ ಕೆಲವು ಸೆಕೆಂಡಿಗೊಮ್ಮೆ ಶಕ್ತಿ ಉಕ್ಕಿ ಮತ್ತೆ ಇಳಿಯುತ್ತದೆ. ಹತ್ತಾರು ಯಂತ್ರಗಳಿದ್ದರೆ ಒಂದು ಇಳಿದಾಗ ಇನ್ನೊಂದು ಏರಿರುತ್ತದೆ. ದಡಕ್ಕೆ ತರುವ ಕೇಬಲ್ ಎಲ್ಲಕ್ಕೂ ಒಂದೇ ಸಾಕು. ಹಾಗೆಂದು ಒತ್ತೊತ್ತಾಗಿ ಇಡುವಂತಿಲ್ಲ, ಮುಂದಿನ ಸಾಲು ಅಲೆಯ ಶಕ್ತಿಯನ್ನು ಹೀರಿದರೆ ಹಿಂದಿನ ಸಾಲಿಗೆ ಸಿಗುವುದು ಉಳಿದದ್ದು ಮಾತ್ರ. ಗುಂಪು ಸೆಕೆಂಡುಗಳ ಏರಿಳಿತವನ್ನು ಸರಿದೂಗಿಸುತ್ತದೆ. ತಿಂಗಳುಗಳದ್ದನ್ನು?

ಅಲೆಯ ಎತ್ತರ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಆಳ ಕಡಲಿನಲ್ಲಿ ಮೂರು ಮೀಟರ್ ಅಲೆ ಒಂಬತ್ತು ಸೆಕೆಂಡಿಗೊಮ್ಮೆ ಬಂದರೆ, ಅಲೆಯ ಪ್ರತಿ ಮೀಟರ್ ಅಗಲಕ್ಕೆ ಸುಮಾರು 40 ಕಿಲೋವಾಟ್. ಅರ್ಧ ಮೀಟರ್ ಅಲೆ ಆರು ಸೆಕೆಂಡಿಗೊಮ್ಮೆ ಬಂದರೆ ಒಂದು ಕಿಲೋವಾಟ್ ಕೂಡ ಇಲ್ಲ. ನಮ್ಮ ಆಷಾಢದ ಕಡಲಿಗೂ ಜನವರಿಯ ಕಡಲಿಗೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟೇ. ಬೋಟ್‌ಗಳೇ ದಡ ಸೇರುವ ತೂಫಾನಿಗೆ ತಡೆಯುವ ಯಂತ್ರ ಕಟ್ಟಿ, ವರ್ಷದ ಬಹುಭಾಗ ಅದನ್ನು ತೂಕಡಿಸಲು ಬಿಡಬೇಕು. ಮಳೆಗಾಲದಲ್ಲಿ ಬಿಸಿಲಿಲ್ಲ, ಆಗ ಅಲೆ ನೆರವಾಗುತ್ತದೆ ಎನ್ನುತ್ತಾರೆ. ನಿಜ, ಆದರೆ ಲಿಂಗನಮಕ್ಕಿ ತುಂಬುವುದೂ ಆಗಲೇ, ಗಾಳಿಯಂತ್ರಗಳು ಜೋರಾಗಿ ತಿರುಗುವುದೂ ಆಗಲೇ.

ಪೋರ್ಚುಗಲ್‌ನ ಅಗುಸಾದೌರದಲ್ಲಿ 2008ರಲ್ಲಿ ಹಾವಿನಂತೆ ತೇಲುವ ಮೂರು ಪೆಲಾಮಿಸ್ ಯಂತ್ರಗಳನ್ನು ಹೂಡಿದರು, ಒಟ್ಟು 2.25 ಮೆಗಾವಾಟ್. ಕೆಲವೇ ತಿಂಗಳಲ್ಲಿ ದಡಕ್ಕೆ ಎಳೆದು ತಂದರು. ಸ್ಪೇನಿನ ಮುತ್ರಿಕುವಿನವರು ಜಾಣರು. ಬಂದರಿಗೆ ಹೇಗೂ ಬೇಕಾಗಿದ್ದ ಬ್ರೇಕ್‌ವಾಟರ್‌ನಲ್ಲಿಯೇ, ಅಂದರೆ ಅಲೆ ತಡೆಯುವ ಗೋಡೆಯಲ್ಲಿಯೇ, ಕೋಣೆಗಳನ್ನು ಮಾಡಿ 2011ರಲ್ಲಿ 16 ಟರ್ಬೈನ್ ಕೂರಿಸಿದರು. ಒಟ್ಟು 296 ಕಿಲೋವಾಟ್, ಅಂದರೆ ಎಲ್ಲೂರಿನ 1200 ಮೆಗಾವಾಟ್‌ಗೆ ಸಮನಾಗಲು ಅಂಥವು ನಾಲ್ಕು ಸಾವಿರ ಬೇಕು. ಆದರೂ ನನ್ನ ಮತ ಮುತ್ರಿಕುವಿಗೇ. ಕಡಲಿಗೆ ಕಲ್ಲು ಸುರಿಯುವುದು ನಮ್ಮಲ್ಲಿ ನಿಂತದ್ದೇ ಇಲ್ಲ. ಮುಂದೆ ಬಂದರಿನ ಬ್ರೇಕ್‌ವಾಟರ್ ಕಟ್ಟುವಾಗ ನಾಲ್ಕೈದು ಕೋಣೆಗಳನ್ನು ಬಿಟ್ಟು ನೋಡಿದರೆ ಏನು ಹೋಗುತ್ತದೆ? ಬಂದರಿನ ದೀಪಗಳಿಗಾದರೂ ಆದೀತು. ರಿಪೇರಿಗೆ ಬರುವವನು ದೋಣಿ ಹತ್ತಬೇಕಿಲ್ಲ, ಮೀನುಗಾರರ ದಾರಿಗೂ ಅಡ್ಡವಿಲ್ಲ.

ಟ್ರಾಲ್ ಬೋಟ್ ಇರುವ ಭಾವನಿಗೆ ಇದನ್ನೆಲ್ಲ ವಿವರಿಸಿದೆ. ತೇಲುವ ಯಂತ್ರಗಳ ಮಾತು ಬಂದಾಗ, "ಅದಕ್ಕೆ ನಮ್ಮ ಬಲೆ ಸಿಕ್ಕಿಕೊಂಡರೆ ದುಡ್ಡು ಯಾರು ಕೊಡುತ್ತಾರೆ ಮಾರಾಯಾ?" ಎಂದ. ಗೋಡೆಯ ಕೋಣೆಯ ವಿಚಾರಕ್ಕೆ ಮಾತ್ರ ತಲೆಯಾಡಿಸಿದ.

"ಜನವರಿಯಲ್ಲಿ ಏನು ಮಾಡುತ್ತದೆ?"

"ಹೆಚ್ಚುಕಡಿಮೆ ಸುಮ್ಮನಿರುತ್ತದೆ ಭಾವ."

"ಸರಿ ಹಾಗಾದರೆ. ಜೂನ್, ಜುಲೈ ನಮಗೆ ರಜೆ, ಜನವರಿ ಅದಕ್ಕೆ ರಜೆ" ಎಂದು ಬಲೆಯ ಹರಿದ ಕಣ್ಣನ್ನು ಹುಡುಕತೊಡಗಿದ.