ಜೇಬಿಗೊಂದು ಚಾಕು

ಮಲೆನಾಡಿನ ಮನೆಗಳಲ್ಲಿ ಹರಿತವಾದ ವಸ್ತುಗಳಿಗೆ ಬರವಿಲ್ಲ. ಸೊಪ್ಪು ಕೊಯ್ಯಲು ಕತ್ತಿ, ತರಕಾರಿಗೆ ಮೆಟ್ಟುಗತ್ತಿ, ಅಡಿಕೆಗೆ ಅಡಕತ್ತರಿ. ಇಷ್ಟೆಲ್ಲ ಇದ್ದೂ ಮಡಿಸುವ ಚಾಕು ಯಾಕೆ ಎಂದು ಕೇಳುವವರು, ತೋಟದ ನಡುವೆ ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುವವರೇ ಇರಬೇಕು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ ಮಡಿಸುವ ಚಾಕು ಕೇಳಿದರೆ, ಅಂಗಡಿಯವರು ಮೊದಲು ತೆಗೆಯುವುದು ಥಳಥಳಿಸುವುದನ್ನೇ. ಬೆನ್ನಿಗೆ ಗರಗಸ, ಬದಿಗೆ ಟಾರ್ಚು, ಬುಡದಲ್ಲಿ ದಿಕ್ಸೂಚಿ. ಅಡಿಕೆ ತೋಟದಲ್ಲಿ ದಿಕ್ಸೂಚಿ ಹಿಡಿದು ದಾರಿ ಹುಡುಕಿದವರನ್ನು ನಾನಂತೂ ಕಂಡಿಲ್ಲ. ಚಾಕು ಬಿಚ್ಚಿ, ಹಿಡಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಅಲಗನ್ನು ಅತ್ತಿತ್ತ ಅಲ್ಲಾಡಿಸಿ ನೋಡಬೇಕು. ಸಡಿಲ ಹಲ್ಲಿನಂತೆ ಅಲುಗಿದರೆ ಬೆಲೆ ಕೇಳುವ ಅಗತ್ಯವೇ ಇಲ್ಲ. ಅಲಗು ತೆಳ್ಳಗಿರಬೇಕು, ದಪ್ಪ ಅಲಗು ಮಾವಿನಕಾಯಿಯನ್ನು ಹೆಚ್ಚುವುದಿಲ್ಲ, ಸೀಳುತ್ತದೆ.

ಕೊಟ್ಟ ದುಡ್ಡಿಗೆ ಮೋಸವಿಲ್ಲದ ಚಾಕು ಎಂದರೆ ಬಲ್ಲವರು ಒಪಿನೆಲ್ ಹೆಸರು ಹೇಳುತ್ತಾರೆ. ಫ್ರಾನ್ಸಿನ ಸವಾಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ್ದು. ಒಂದು ಮರದ ಹಿಡಿ, ಒಂದು ಅಲಗು, 1955ರಲ್ಲಿ ಸೇರಿದ ಬೀಗದ ಉಂಗುರ, ಅಷ್ಟೇ. ಎಂಟನೇ ನಂಬರಿನದಕ್ಕೆ ಎಂಟೂವರೆ ಸೆಂಟಿಮೀಟರ್ ಅಲಗು, ಜೇಬಿಗೆ ಹೇಳಿ ಮಾಡಿಸಿದ ಅಳತೆ. ಅದೂ ಬೆಟ್ಟದವರ ಚಾಕುವೇ, ಆದರೆ ಆ ಬೆಟ್ಟದಲ್ಲಿ ಆಗುಂಬೆಯ ಮಳೆ ಇಲ್ಲ. ಆಷಾಢದಲ್ಲಿ ಅದರ ಬೀಚ್ ಮರದ ಹಿಡಿ ತೇವ ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಹಿಡಿಯ ಬುಡವನ್ನು ಮೇಜಿಗೆ ಕುಟ್ಟಿದರೆ ಅಲಗು ಸ್ವಲ್ಪ ಹೊರಗಿಣುಕುತ್ತದೆ, ಸವಾಯ್‌ನವರದೂ ಇದೇ ಉಪಾಯ. ಜಡಿಮಳೆಯಲ್ಲಿ ನಿಂತವನಿಗೆ ಮೇಜು ಎಲ್ಲಿಂದ ಬರಬೇಕು? ಕಾರ್ಬನ್ ಉಕ್ಕಿನ ಅಲಗಾದರೆ ಹಸಿ ಅಡಿಕೆಯ ಚೊಗರಿಗೆ ಕಪ್ಪಾಗುತ್ತದೆ, ಒರೆಸದೆ ಇಟ್ಟರೆ ಬೆಳಗಾಗುವುದರೊಳಗೆ ತುಕ್ಕು. ನಮ್ಮ ಕಡೆಗೆ ಸ್ಟೇನ್‌ಲೆಸ್ ಅಲಗೇ ವಾಸಿ. ಹರಿತ ಸ್ವಲ್ಪ ಬೇಗ ಹೋದರೂ ಮಸೆಯುವ ಕಲ್ಲು ಮನೆಯಲ್ಲೇ ಇದೆಯಲ್ಲ.

ಸ್ವಿಟ್ಜರ್ಲೆಂಡಿನ ಕೆಂಪು ಹಿಡಿಯ ಚಾಕುವಿಗೆ ಮಳೆಯ ಹೆದರಿಕೆಯಿಲ್ಲ. 1897ರಷ್ಟು ಹಿಂದೆಯೇ ಅದಕ್ಕೆ ಬಿರಡೆ ಕೀಳುವ ಸುರುಳಿ ಸೇರಿಸಿದ್ದರು. ಬಿರಡೆಯ ಬಾಟಲಿ ನಮ್ಮಲ್ಲಿ ಅಪರೂಪ. ನೆನೆದು ಬಿಗಿದುಕೊಂಡ ಹಗ್ಗದ ಗಂಟು ಸಡಿಲಿಸಲು ಮಾತ್ರ ಆ ಸುರುಳಿಗೆ ಸಮನಾದದ್ದಿಲ್ಲ.

ನಿಜವಾದ ಪರೀಕ್ಷೆ ನಡೆಸುವುದು ಹಲಸಿನಹಣ್ಣು. ಮೇಣ ಅಲಗಿನಿಂದ ಕೀಲಿಗೆ ಇಳಿದು, ಅದನ್ನು ಹಾಗೆಯೇ ಮಡಿಸಿಟ್ಟರೆ ಮರುದಿನ ಚಾಕು ತೆರೆಯುವುದೇ ಇಲ್ಲ. ಕೊಯ್ಯುವ ಮೊದಲೇ ಅಲಗಿಗೆ ಕೊಬ್ಬರಿ ಎಣ್ಣೆ ಸವರಬೇಕು, ಆಮೇಲೆ ಅದೇ ಎಣ್ಣೆಯಲ್ಲಿ ಒರೆಸಬೇಕು. ಈ ಕಾರಣಕ್ಕೇ ಹಿಡಿಯ ಬೆನ್ನು ತೆರೆದಿರುವ ಚಾಕು ನನಗಿಷ್ಟ. ಬಟ್ಟೆಯ ಚಿಂದಿಯನ್ನು ಈ ಕಡೆಯಿಂದ ತೂರಿಸಿ ಆ ಕಡೆಯಿಂದ ಎಳೆದರೆ ಮೇಣ, ಮಣ್ಣು, ಜೇಬಿನ ಧೂಳು ಎಲ್ಲ ಹೊರಗೆ. ಕೀಲಿಗೆ ಮಾತ್ರ ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು.

ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತುವವರು ಚಾಕುವನ್ನು ಕೈಚೀಲದಲ್ಲಿಟ್ಟರೆ ಭದ್ರತಾ ತಪಾಸಣೆಯಲ್ಲಿ ಕಳೆದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ನೆಂಟರದು. ‘ಒಂಚೂರು ಚಾಕು ಕೊಡಿ ಭಾವ’ ಎಂದು ಕೈ ಚಾಚಿದವರನ್ನು ಯಾವುದಕ್ಕೆ ಎಂದು ಕೇಳದೆ ಕೊಡಬಾರದು. ಪೇಂಟ್ ಡಬ್ಬಿಯ ಮುಚ್ಚಳಕ್ಕೆ ಎಂದರೆ ಅಡುಗೆಮನೆಯಿಂದ ಒಂದು ಹಳೆಯ ಸೌಟು ತಂದುಕೊಡುವುದು.