ಸಮರ್ಥಕನಾಗಲು ಹೊರಟ ತಮ್ಮನಿಗೆ

ತಮ್ಮಾ,

ವಾರ್ಡಿನಲ್ಲಿ ಪಕ್ಷದ ಸಮರ್ಥನೆಯ ಜವಾಬ್ದಾರಿಯನ್ನು ನಿನಗೆ ಒಪ್ಪಿಸಿದ್ದಾರೆಂದು ತಿಳಿದು ಸಂತೋಷವಾಯಿತು. ಸಂಬಳವಿಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳಬೇಡ. ಗಣೇಶನ ಹಬ್ಬಕ್ಕೆ ಹಾಕುವ ಫ್ಲೆಕ್ಸಿನಲ್ಲಿ ಕೊನೇ ಸಾಲಿನ ಮೂಲೆಯ ಮುಖ ನಿನ್ನದಾಗುತ್ತದೆ. ನಾನೂ ಅಲ್ಲಿಂದಲೇ ಶುರು ಮಾಡಿದವನು. ಈಗ ಎರಡನೇ ಸಾಲಿಗೆ ಬಂದಿದ್ದೇನೆ, ಕೈ ಮುಗಿದ ಭಂಗಿಯಲ್ಲಿ, ಕೂಲಿಂಗ್ ಗ್ಲಾಸ್ ಸಮೇತ.

ಸದ್ಯಕ್ಕೆ ನಾವು ಬೆಂಗಳೂರಿಗೆ ಸುರಂಗ ರಸ್ತೆ ಬೇಕು ಅನ್ನುವವರ ಕಡೆ. ಮುಂದೆ ಯಾವ ಕಡೆಯೋ ಯಾರಿಗೆ ಗೊತ್ತು, ಅದರ ಚಿಂತೆ ಬೇಡ. ಎದುರು ಪಕ್ಷದ ಸಮರ್ಥಕನೂ ನಾನೂ ಟಿವಿ ಸ್ಟುಡಿಯೋದಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯ್ದು, ಹೊರಗೆ ಬಂದು ಬೈಟು ಕಾಫಿ ಕುಡಿಯುತ್ತೇವೆ. ಸರ್ಕಾರ ಬದಲಾದ ದಿನ ನನ್ನ ಉತ್ತರಗಳನ್ನು ಅವನು ತಗೊಳ್ಳುತ್ತಾನೆ, ಅವನ ಪ್ರಶ್ನೆಗಳನ್ನು ನಾನು ತಗೊಳ್ಳುತ್ತೇನೆ. ಹೊಸದಾಗಿ ಯೋಚಿಸುವ ಕಷ್ಟ ಇಬ್ಬರಿಗೂ ಇಲ್ಲ.

ಸುರಂಗ ರಸ್ತೆಯ ಯೋಜನಾ ವರದಿ ಓದಲು ಕೂತಿದ್ದೇನೆ ಅಂತ ಬರೆದಿದ್ದೀಯಲ್ಲ, ಮೊದಲು ಅದನ್ನು ನಿಲ್ಲಿಸು. ಓದಿದರೆ ಅನುಮಾನ ಬರುತ್ತದೆ, ಅನುಮಾನ ಬಂದರೆ ದನಿ ನಡುಗುತ್ತದೆ, ದನಿ ನಡುಗಿದರೆ ನಿರೂಪಕ ಮೇಲೆ ಬೀಳುತ್ತಾನೆ. ಅದನ್ನು ಬರೆದವರೇ ಪೂರ್ತಿ ಓದಿದ್ದರೋ ಇಲ್ಲವೋ. ಬೆಂಗಳೂರಿನ ಸುರಂಗದ ಲೆಕ್ಕದ ನಡುವೆ ಮಹಾರಾಷ್ಟ್ರದ ಮಾಲೇಗಾಂವ್, ನಾಸಿಕ್ ಊರುಗಳ ಹೆಸರು ಹಾಗೇ ಉಳಿದುಬಿಟ್ಟಿತ್ತು. ಸಲಹಾ ಸಂಸ್ಥೆಗೆ ದಂಡ ಹಾಕಿದರು. ಜನ ನಕ್ಕರು. ನಾನು ನಗಲಿಲ್ಲ. ‘ಮಾಲೇಗಾಂವ್‌ನಿಂದ ಬೆಂಗಳೂರಿಗೆ ಲಾರಿ ಬರೋದೇ ಇಲ್ವಾ ಸ್ವಾಮಿ? ಎಷ್ಟು ದೂರದೃಷ್ಟಿ ಇಟ್ಟುಕೊಂಡು ಬರೆದಿದ್ದಾರೆ ನೋಡಿ’ ಅಂದೆ. ಸುರಂಗದೊಳಗೆ ಭಾರೀ ಲಾರಿಗಳನ್ನು ಬಿಡುವುದಿಲ್ಲ ಅಂತ ನನ್ನ ಕಿವಿಯಲ್ಲಿ ಯಾರೋ ಉಸುರಿದರು. ಆ ಹೊತ್ತಿಗೆ ಜಾಹೀರಾತು ಬಂತು, ಬಚಾವಾದೆ.

ಆದರೂ ಎರಡು ಅಂಕಿ ನೆನಪಿಟ್ಟುಕೊಂಡಿರು, ಹೇಳುವುದಕ್ಕಲ್ಲ, ಹೇಳಲು ಬಿಡದಿರುವುದಕ್ಕೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನ ತನಕದ ಸುರಂಗ 16.7 ಕಿ.ಮೀ., ಅಂದಾಜು ವೆಚ್ಚ ಸುಮಾರು 17,700 ಕೋಟಿ ರೂಪಾಯಿ. ಉಪನಗರ ರೈಲು 148 ಕಿ.ಮೀ., 2020ರಲ್ಲಿ ಕೇಂದ್ರ ಒಪ್ಪಿದಾಗಿನ ಅಂದಾಜು 15,767 ಕೋಟಿ. ಈ ಎರಡು ಸಾಲು ಒಂದೇ ಹಾಳೆಯ ಮೇಲೆ ಬರದ ಹಾಗೆ ನೋಡಿಕೊಳ್ಳುವುದೇ ನಿನ್ನ ಕೆಲಸ. ಸಭೆಯಲ್ಲಿ ಯಾರಾದರೂ ಒಂದು ಸಾಲು ಶುರು ಮಾಡಿದರೆ ಇನ್ನೊಂದಕ್ಕೆ ಬರುವ ಮೊದಲೇ ಮೈಕ್ ಇಸಿದುಕೊ. ಕೊಡದಿದ್ದರೆ ‘ತಾಯಿ ಭುವನೇಶ್ವರಿಗೆ’ ಅಂತ ಕೂಗು. ಎಲ್ಲರೂ ಜೈ ಅನ್ನಲೇಬೇಕು. ಆ ಗದ್ದಲದಲ್ಲಿ ಕಿಲೋಮೀಟರು ಕಳೆದುಹೋಗುತ್ತದೆ.

ಉಪನಗರ ರೈಲು ಎಲ್ಲಿ ಅಂತ ಕೇಳಿದರೆ ಬೆವರಬೇಡ, ಅದು ಎದುರು ಅಂಗಡಿಯವನ ಪಾಲಿನದು. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿ, 40 ವರ್ಷದಿಂದ ಆಗದ್ದನ್ನು 40 ತಿಂಗಳಲ್ಲಿ ಮಾಡುತ್ತೇವೆ ಅಂದಿದ್ದರು. ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿಯಿತು, ರೈಲು ಬರಲಿಲ್ಲ. ‘ರಾಜ್ಯ ಸಹಕಾರ ಕೊಡಲಿಲ್ಲ’ ಅಂದ ಅವನು. ‘ಕೇಂದ್ರ ಕೈ ಬಿಚ್ಚಲಿಲ್ಲ’ ಅಂದೆ ನಾನು. ಕಾರ್ಯಕ್ರಮ ಮುಗಿಯಿತು. ಇಬ್ಬರ ಕ್ಯಾಬೂ ಮೇಖ್ರಿ ಸರ್ಕಲ್ಲಿನಲ್ಲಿ ಅಕ್ಕಪಕ್ಕ ನಿಂತಿದ್ದವು. ಕಿಟಕಿ ಇಳಿಸಿ ನಾಳಿನ ವಿಷಯ ಮಾತಾಡಿಕೊಂಡೆವು.

ಪ್ರಶ್ನೆ ಬಂದಾಗ ಪ್ರಶ್ನೆಯ ಕಡೆ ನೋಡಲೇಬೇಡ, ಕೇಳಿದವರ ಕಡೆ ನೋಡು. ಕಾರಿನಲ್ಲಿ ಬಂದವರಾದರೆ ‘ಟ್ರಾಫಿಕ್ ಮಾಡ್ತಿರೋರೇ ನೀವು’ ಅನ್ನು. ಬಸ್ಸಿನಲ್ಲಿ ಬಂದವರಾದರೆ ‘ಕಾರಿನವರ ಕಷ್ಟ ನಿಮಗೇನ್ರೀ ಗೊತ್ತು’ ಅನ್ನು. ಜಯನಗರದವರು ಎಸಿ ರೂಮಿನ ಹೋರಾಟಗಾರರು, ವೈಟ್‌ಫೀಲ್ಡಿನವರು ಹೊರಗಿನಿಂದ ಬಂದವರು, ಪೀಣ್ಯದವರಿಗೆ ಹೆಬ್ಬಾಳದ ಉಸಾಬರಿ ಯಾಕೆ. ಹೆಬ್ಬಾಳದವರೇ ಕೇಳಿದರೆ ಸ್ವಾರ್ಥ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎದ್ದು ನಿಂತು, ರಸ್ತೆ ಹೆಚ್ಚಿಸಿದಷ್ಟೂ ಕಾರು ಹೆಚ್ಚುತ್ತವೆ, ಆ ದಾರಿಗೆ ಮೆಟ್ರೋ ಸಾಕು ಅಂತ ನಕ್ಷೆ ಬಿಚ್ಚಿದರೆ, ಕುರ್ಚಿ ಬಿಟ್ಟು ಎದ್ದು ನಮಸ್ಕಾರ ಮಾಡಿ, ‘ತಾವು ದೊಡ್ಡವರು ಸಾರ್, ಆದರೆ ಪುಸ್ತಕದ ಬದನೆಕಾಯಿ ಸಾರಿಗಾಗಲ್ಲ’ ಅನ್ನು. ಚಪ್ಪಾಳೆ ಖಚಿತ. ನಕ್ಷೆ ಮಡಿಚಿಕೊಂಡು ಹೋಗುತ್ತಾರೆ, ಪಾಪ.

ಯಾವುದೂ ಸಾಲದಿದ್ದರೆ ‘ಆಗ ಎಲ್ಲಿ ಹೋಗಿದ್ರಿ?’ ಇದ್ದೇ ಇದೆ. ಈ ಊರಿನಲ್ಲಿ ಆ ಅಸ್ತ್ರ ಮೊಂಡಾಗುವುದೇ ಇಲ್ಲ, ಯಾಕೆಂದರೆ ಎಲ್ಲ ಪಕ್ಷದವರೂ ಎಲ್ಲ ಕೆಲಸವನ್ನೂ ಅರ್ಧ ಮಾಡಿದ್ದಾರೆ. ಈಜಿಪುರದ ಮೇಲ್ಸೇತುವೆಯನ್ನೇ ನೋಡು. ಉದ್ದ 2.5 ಕಿ.ಮೀ. ಶುರುವಾದದ್ದು 2017ರಲ್ಲಿ. 2025ರಲ್ಲೂ ಮುಗಿಯಲಿಲ್ಲ. ಆ ಕಂಬಗಳ ಕೆಳಗೆ ನಾಲ್ಕು ಸರ್ಕಾರ ಹಾದುಹೋದವು, ಮೂರು ಪಕ್ಷದವರಿಗೂ ಒರಗಿಕೊಳ್ಳಲು ಒಂದೊಂದು ಕಂಬ ಸಿಕ್ಕಿದೆ. ಯಾರು ಯಾರನ್ನು ಬೇಕಾದರೂ ‘ಆಗ ಎಲ್ಲಿ ಹೋಗಿದ್ರಿ’ ಅಂತ ಕೇಳಬಹುದು. ಕೋರಮಂಗಲದವರು ಮಾತ್ರ ಅದರ ಕೆಳಗೇ ಇದ್ದರು, ಎಲ್ಲಿಗೂ ಹೋಗಲಾಗಿರಲಿಲ್ಲ.

ಇನ್ನು ನಮ್ಮ ಬ್ರಹ್ಮಾಸ್ತ್ರ. ‘ಕನ್ನಂಬಾಡಿ ಕಟ್ಟುವಾಗಲೂ ವಿರೋಧ ಇತ್ತು! ಕೆಂಗಲ್ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸುವಾಗಲೂ ದುಂದುವೆಚ್ಚ ಅಂದರು! ಇವತ್ತು ನೋಡಿ!’ ಇದನ್ನು ಹೇಳುವಾಗ ಬಲಗೈ ಮೇಲೆತ್ತು, ಎಲ್ಲಿದ್ದರೂ ಸರಿ, ವಿಧಾನಸೌಧ ಆ ಕಡೆಗೇ ಇದೆಯೆಂಬಂತೆ. ದೊಡ್ಡ ಕೆಲಸಕ್ಕೆಲ್ಲ ವಿರೋಧ ಇತ್ತು, ಇದಕ್ಕೂ ವಿರೋಧ ಇದೆ, ಆದ್ದರಿಂದ ಇದೂ ದೊಡ್ಡ ಕೆಲಸ. ಒಮ್ಮೆ ಮಲ್ಲೇಶ್ವರದ ಸಭೆಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರು, ‘ರಸ್ತೆ ಗುಂಡಿಗೂ ತುಂಬ ವಿರೋಧ ಇದೆಯಲ್ಲಪ್ಪ, ಅದನ್ನು ಯಾವ ದಿವಾನರು ಕಟ್ಟಿಸಿದ್ದು?’ ಅಂದುಬಿಟ್ಟರು. ಇಂಥವರ ಕೈಗೆ ಸಭೆಯ ಶುರುವಿನಲ್ಲೇ ಬೊಕೆ ಕೊಡಿಸಿ, ವೇದಿಕೆಯ ಮೇಲೆ ಕೂರಿಸಿಬಿಡಬೇಕು. ವೇದಿಕೆ ಮೇಲೆ ಕೂತವರು ಪ್ರಶ್ನೆ ಕೇಳುವುದಿಲ್ಲ.

ವಿದೇಶದ ಉದಾಹರಣೆ ಕೊಡುವಾಗ ಹುಷಾರು. ಎಸ್.ಎಂ. ಕೃಷ್ಣ ಅವರ ಕಾಲದಿಂದ ಸಿಂಗಾಪುರ ನಮಗೆ ಪಕ್ಕದ ತಾಲ್ಲೂಕಿದ್ದ ಹಾಗೆ, ಹೆಸರು ಹೇಳು, ಅಲ್ಲಿಗೇ ನಿಲ್ಲಿಸು. ಅಲ್ಲಿ ಕಾರು ಕೊಳ್ಳಬೇಕಾದರೆ ಮೊದಲು ಹತ್ತು ವರ್ಷದ ಪರವಾನಗಿಯನ್ನು ಹರಾಜಿನಲ್ಲಿ ಕೊಳ್ಳಬೇಕು, ಎಷ್ಟೋ ಸಲ ಅದೇ ಕಾರಿಗಿಂತ ದುಬಾರಿ. ಇದು ಹೊರಗೆ ಬಂದರೆ ನಮ್ಮ ಕಥೆ ಮುಗೀತು. ಅಮೆರಿಕದ ಬಾಸ್ಟನ್ ಸುರಂಗ ಬೇಡ. 280 ಕೋಟಿ ಡಾಲರಿನಲ್ಲಿ ಮುಗಿಯುತ್ತದೆ ಅಂದದ್ದು 1,400 ಕೋಟಿ ದಾಟಿತು. ದಕ್ಷಿಣ ಕೊರಿಯಾದ ಸೋಲ್ ನಗರದ ಹೆಸರಂತೂ ಬಾಯಿತಪ್ಪಿಯೂ ಎತ್ತಬೇಡ. ಅಲ್ಲಿ ಊರ ನಡುವಿನ ಮೇಲ್ರಸ್ತೆಯನ್ನೇ ಕೆಡವಿ, ಕೆಳಗೆ ಮುಚ್ಚಿಹೋಗಿದ್ದ ತೊರೆಯನ್ನು 2005ರಲ್ಲಿ ಬಯಲಿಗೆ ತಂದು ಹರಿಸಿದ್ದಾರೆ. ಸಭೆಯಲ್ಲಿ ಯಾರಿಗಾದರೂ ನಮ್ಮೂರಿನ ವೃಷಭಾವತಿ ನದಿ ನೆನಪಾದರೆ ನಾವು ಸುರಂಗದ ಮಾತಿಗೆ ವಾಪಸು ಬರಲು ಸಂಜೆಯಾಗುತ್ತದೆ.

ಇಷ್ಟು ವರ್ಷ ಈ ಕಸುಬಿನಲ್ಲಿದ್ದೂ ನನಗೆ ಹೊಳೆಯದ ಒಂದು ವಾದವನ್ನು 2025ರ ಅಕ್ಟೋಬರಿನಲ್ಲಿ ಸಾಕ್ಷಾತ್ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಕೊಟ್ಟರು. ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಾರೆ ಎಂಬರ್ಥದ ಮಾತು. ಕೇಳಿ ನಾನು ಎದ್ದು ಕೂತೆ. ಅದುವರೆಗೆ ನಾವು ದಟ್ಟಣೆ, ಇಂಧನ, ಸಮಯ ಅಂತ ಒಣ ಲೆಕ್ಕ ಹೇಳುತ್ತ ಕೂತಿದ್ದೆವು. ಅಜ್ಜಿಗೆ ಅರಿವೆ ಚಿಂತೆಯಾದರೆ ಮಗಳಿಗೆ ಗಂಡನ ಚಿಂತೆ ಅಂತ ಹಿರಿಯರು ಹೇಳಿದ್ದು ಸುಮ್ಮನೆಯೇ? ಲಾಲ್‌ಬಾಗಿನ ಮರ, ಬಂಡೆ, ಅಂತರ್ಜಲ ಸುರಂಗದಿಂದ ಹಾಳಾಗುತ್ತದೆ ಅಂತ ಕೂತವರು ಅಜ್ಜಿಯ ಕಡೆ. ನಾವು ಮದುವೆಯ ಕಡೆ. ಸುರಂಗ ಬೇಡ ಅನ್ನುವವನು ಇನ್ನು ಮೇಲೆ ಪರಿಸರವಾದಿಯಲ್ಲ, ಕನ್ಯಾಪಿತೃಗಳ ವೈರಿ.

ಈ ವಾದವನ್ನು ನೀನು ಇನ್ನೂ ಬೆಳೆಸಬಹುದು. ‘ಹುಡುಗನಿಗೆ ಸ್ವಂತ ಮನೆ ಇದೆಯಾ, ಕಾರು ಇದೆಯಾ’ ಅಂತ ಕೇಳುತ್ತಿದ್ದ ಮಾವ ಇನ್ನು ಮುಂದೆ ‘ಮನೆಯಿಂದ ಸುರಂಗಕ್ಕಿಳಿಯುವ ರ‍್ಯಾಂಪ್ ಎಷ್ಟು ದೂರ’ ಅಂತ ಕೇಳುತ್ತಾನೆ. ಜಾತಕದಲ್ಲಿ ಕುಜದೋಷವಿದ್ದರೂ ಫಾಸ್ಟ್‌ಟ್ಯಾಗ್ ಇದ್ದರೆ ಸಾಕು. ಆದರೆ ಯಾರೋ ಕಿಡಿಗೇಡಿ ಎದ್ದು, ‘ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 500ಡಿ ಬಸ್ಸಿದೆ, ಅದೇ ಹೊರವರ್ತುಲ ರಸ್ತೆಯ ಮೇಲೆ ಮೆಟ್ರೋ ನೀಲಿ ಮಾರ್ಗವನ್ನೂ ಕಟ್ಟುತ್ತಿದ್ದಾರೆ, ಹುಡುಗನಿಗೆ ಪಾಸ್ ಮಾಡಿಸಿಕೊಟ್ಟರೆ ಆಗಲ್ವಾ’ ಅನ್ನುತ್ತಾನೆ. ಅವನಿಗೆ ಮದುವೆಯಾಗಿದೆಯಾ ಅಂತ ವಿಚಾರಿಸು. ಆಗಿದ್ದರೆ ‘ನಿಮ್ಮದು ಮುಗೀತಲ್ಲ’, ಆಗದಿದ್ದರೆ ‘ಯಾಕೆ ಆಗಿಲ್ಲ ಅಂತ ಗೊತ್ತಾಯ್ತಲ್ಲ’.

ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ವಯಸ್ಸು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕವನ್ನೇ ತೋರಿಸುತ್ತಾರೆ. ‘300 ಕೋಟಿ ವರ್ಷ ಏನೂ ಆಗದ್ದು ನಮ್ಮ ಒಂದು ರ‍್ಯಾಂಪಿಗೆ ಏನಾಗತ್ತೆ ಬಿಡಿ’ ಅನ್ನು. ಒಂದು ವೇಳೆ ಮೇಲಿನವರೇ ರ‍್ಯಾಂಪನ್ನು ಬೇರೆ ಕಡೆಗೆ ಸರಿಸಿದರೆ ಕಕ್ಕಾಬಿಕ್ಕಿಯಾಗಬೇಡ. ತಿರುಗುವುದು ಹೇಗೆ ಅಂತ ನನ್ನಿಂದ ಕಲಿ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 1,791 ಕೋಟಿಯ ಉಕ್ಕಿನ ಮೇಲ್ಸೇತುವೆ ಬಂತಲ್ಲ, 812 ಮರ ಹೋಗುತ್ತವೆ ಅಂತ ಜನ ಗಲಾಟೆ ಎಬ್ಬಿಸಿದರು. ಆ ಅಕ್ಟೋಬರಿನಲ್ಲಿ ಸಾವಿರಾರು ಜನ ರಸ್ತೆ ಬದಿ ಕೈ ಕೈ ಹಿಡಿದು ನಿಂತಾಗ ನಾನು ‘ಇವರು ಅಭಿವೃದ್ಧಿ ವಿರೋಧಿಗಳು, ಉಕ್ಕು ಇಲ್ಲದೆ ಊರಿಲ್ಲ’ ಅಂತ ಗಂಟಲು ಹರಿದುಕೊಂಡೆ. 2017ರ ಮಾರ್ಚ್ 2ರಂದು ಯೋಜನೆ ರದ್ದು. ಅಂದು ಸಂಜೆಯೇ ಅದೇ ಕುರ್ಚಿಯಲ್ಲಿ, ಅದೇ ಶರ್ಟಿನಲ್ಲಿ ಕೂತು ‘ಜನರ ದನಿಗೆ ಓಗೊಟ್ಟ ಸರ್ಕಾರ ನಮ್ಮದು’ ಅಂದೆ. ಬೆಳಿಗ್ಗೆ ಯಾರು ಅಭಿವೃದ್ಧಿ ವಿರೋಧಿಗಳಾಗಿದ್ದರೋ ಅವರೇ ಸಂಜೆ ನಾಡಿನ ಜನತೆಯಾದರು. ಎದುರು ಕೂತಿದ್ದವನು ಕೈ ಕುಲುಕಿದ, ಕಲೆಗೆ ಕಲಾವಿದನೇ ತಲೆದೂಗಬೇಕು.

ಒಳ್ಳೆಯದಾದರೆ ನಾವು, ಕೆಟ್ಟದ್ದಾದರೆ ಅವರು ಅನ್ನುವುದು ಹಸುಗೂಸಿಗೂ ಗೊತ್ತು. ಆದರೆ ಮೆಟ್ರೋದಲ್ಲಿ ಅದರ ಅಂದವೇ ಬೇರೆ, ಅಲ್ಲಿ ಕೇಂದ್ರ ರಾಜ್ಯ ಎರಡೂ ಪಾಲುದಾರರು. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಸಮಿತಿ ಮಾಡಿದ್ದು ಕೇಂದ್ರ ಅಂದೆವು ನಾವು, ಕೇಳಿಕೊಂಡದ್ದು ರಾಜ್ಯ ಅಂದರು ಅವರು. ಮೆಟ್ರೋ ಅನ್ನುವುದು ತಾಯಿತಂದೆ ಇಲ್ಲದ ಕೂಸಾಗಿತ್ತು. ಆಗಸ್ಟಿನಲ್ಲಿ ಹಳದಿ ಮಾರ್ಗದ ಉದ್ಘಾಟನೆ ಬಂತು ನೋಡು, ಅದೇ ಕೂಸನ್ನು ಎತ್ತಿಕೊಳ್ಳಲು ನೂಕುನುಗ್ಗಲು. ದುಡ್ಡು ಹೆಚ್ಚು ಕೊಟ್ಟದ್ದು ಯಾರು ಅಂತ ಬೊಮ್ಮಸಂದ್ರದವರೆಗೂ ಜಗಳ. ಫೆಬ್ರುವರಿಯ ಮಾತನ್ನು ಆಗಸ್ಟಿನಲ್ಲಿ ನೆನಪಿಟ್ಟುಕೊಂಡಿರುವ ಸಮರ್ಥಕ ಬದುಕಲಾರ.

ಕಾರ್ಪೊರೇಟರುಗಳು ಇಲ್ಲದ್ದು ನಮ್ಮ ಪುಣ್ಯ. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಐದು ವರ್ಷ ಅಧಿಕಾರಿಗಳೇ ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು. ‘ಒಂದಕ್ಕೇ ಚುನಾವಣೆ ಮಾಡಲಾಗದವರು ಐದು ಯಾಕೆ ಮಾಡಿದ್ರಿ’ ಅಂದರೆ ‘ಅಧಿಕಾರ ವಿಕೇಂದ್ರೀಕರಣ’ ಅಂತ ಒಂದೇ ಉಸಿರಿನಲ್ಲಿ ಹೇಳು, ತಡವರಿಸಿದರೆ ಮಾನ ಹೋಗುತ್ತದೆ. ಪೆರಿಫೆರಲ್ ರಿಂಗ್ ರಸ್ತೆ ಯಾಕೆ ಇಷ್ಟು ವರ್ಷ ಆಗಿಲ್ಲ ಅಂದರೆ, ಅದೀಗ ಬಿಸಿನೆಸ್ ಕಾರಿಡಾರ್ ಅನ್ನು. ಹೊಸ ಹೆಸರಿಗೆ ಹಳೇ ವಿಳಂಬ ಅಂಟುವುದಿಲ್ಲ. ಎಲ್ಲ ಮುಗಿದ ಮೇಲೆ ದೇವರಿದ್ದಾನೆ. ದೇವರೇ ಇಳಿದು ಬಂದರೂ ಈ ಊರನ್ನು ಎರಡು ಮೂರು ವರ್ಷದಲ್ಲಿ ಬದಲಾಯಿಸಲಾಗದು ಅಂತ 2025ರ ಫೆಬ್ರುವರಿಯಲ್ಲೇ ಶಿವಕುಮಾರ್ ಅವರು ಹೇಳಿಯಾಗಿದೆ. ದೇವರ ಮೇಲೆ ಹಾಕಿದ್ದನ್ನು ಯಾವ ನ್ಯಾಯಾಲಯಕ್ಕೆ ಒಯ್ಯುತ್ತಾರೆ?

ನಿನ್ನ ಕಾಗದದ ಕೊನೆಯಲ್ಲಿ, ಸುರಂಗದಲ್ಲಿ ದ್ವಿಚಕ್ರ ವಾಹನ ಬಿಡುತ್ತಾರಾ ಅಣ್ಣಾ ಅಂತ ಕೇಳಿದ್ದೀಯ. ಬಿಡುವುದಿಲ್ಲವಂತೆ, ಆಟೋಗಳಿಗೂ ಇಲ್ಲವಂತೆ. ಈ ಊರಿನ ವಾಹನಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ದ್ವಿಚಕ್ರವೇ ಅನ್ನುವುದು ನನಗೂ ಗೊತ್ತು. ಇದಕ್ಕೆ ಏನು ಹೇಳಬೇಕು ಅಂತ ಮೇಲಿನಿಂದ ಇನ್ನೂ ಮೆಸೇಜ್ ಬಂದಿಲ್ಲ, ಬಂದ ಕೂಡಲೇ ಫಾರ್ವರ್ಡ್ ಮಾಡುತ್ತೇನೆ. ಭಾನುವಾರದ ಸಭೆಗೆ ಅರ್ಧ ಗಂಟೆ ಮೊದಲೇ ಬಾ, ಕುರ್ಚಿ ಹಾಕಿಸಬೇಕು. ನಿನ್ನ ಸ್ಕೂಟರನ್ನು ಮಾತ್ರ ಹಿಂದಿನ ಕ್ರಾಸಿನಲ್ಲಿ ನಿಲ್ಲಿಸಿ ಬಾ. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ವೇದಿಕೆ ಹತ್ತಿಬಿಟ್ಟೀಯ.

ಇಂತಿ ನಿನ್ನ,
ಎರಡನೇ ಸಾಲಿನ ಅಣ್ಣ