ಬರೀ ಹೆಸರಿಗೆ ಕೊಡುವ ದುಡ್ಡಲ್ಲ

ಹಳೆ ಕಾಲದ ಅಕೌಸ್ಟಿಕ್ ಗಿಟಾರ್‌ಗೆ ಜನ ದುಡ್ಡು ಸುರಿಯುವುದು ಬರೀ ಬ್ರ್ಯಾಂಡ್ ಹೆಸರಿಗೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಅಮೆರಿಕದ ಮಾರ್ಟಿನ್ ಕಂಪನಿಯ ಡಿ-28 ಗಿಟಾರ್ ನೋಡಿ. 1930ರ ದಶಕದಲ್ಲಿ ಅದರ ಮೇಲ್ಹಲಗೆಯ ಒಳಗಿನ ಎಕ್ಸ್ ಆಕಾರದ ಮರದ ಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ತೆಳ್ಳಗೆ ಮಾಡುತ್ತಿದ್ದರು. ಹಾಗಾಗಿ ತಂತಿ ಮುಟ್ಟಿದರೆ ಸಾಕು, ಇಡೀ ಹಲಗೆ ನಡುಗುತ್ತದೆ. 1944ರ ಹೊತ್ತಿಗೆ ಕೆತ್ತುವುದನ್ನು ಬಿಟ್ಟರು. ಹಿಂಬದಿಗೆ ಆಗ ಬ್ರೆಜಿಲ್‌ನ ರೋಸ್‌ವುಡ್. 1969ರ ನಂತರ ಬಂದದ್ದು ಭಾರತದ ರೋಸ್‌ವುಡ್, ಅಂದರೆ ಬೀಟೆ, ನಮ್ಮ ಶಿರಸಿ ಕಡೆಯ ಕಾಡಲ್ಲೂ ಇರುವ ಮರವೇ!

ಕಾರವಾರದಲ್ಲಿ ನನ್ನ ಹತ್ತಿರ ಇರುವುದು ಮಾವ ಕೊಟ್ಟ ಹಳೆಯ ಗಿಟಾರ್. ದೊಡ್ಡ ಬ್ರ್ಯಾಂಡ್ ಏನಲ್ಲ. ಜುಲೈ ಬಂತೆಂದರೆ ಮರ ತೇವ ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿದರೆ ಬೆರಳು ಉರಿಯುತ್ತದೆ. ಒಂದು ಮಳೆಗಾಲದಲ್ಲಿ ಮೇಲ್ಹಲಗೆಗೆ ತಂತಿ ಕಟ್ಟುವ ಮರದ ತುಂಡು, ಅಂದರೆ ಬ್ರಿಡ್ಜ್‌ನ ಹಿಂಬದಿ ಕಿತ್ತು, ಪೋಸ್ಟ್‌ಕಾರ್ಡ್ ತೂರುವಷ್ಟು ಸಂದಿಯಾಯಿತು. ರಿಪೇರಿ ಮಾಡಿದವರು ಎಪಾಕ್ಸಿ ಎಂಬ ರಾಸಾಯನಿಕ ಅಂಟು ಹಾಕಿಬಿಟ್ಟರು. ಹಳೆ ಕಾಲದ, ಪ್ರಾಣಿ ಚರ್ಮದಿಂದ ಮಾಡಿದ ಅಂಟಾದರೆ ಬಿಸಿ, ತೇವ ತಾಗಿಸಿ ಬಿಡಿಸಬಹುದು. ಎಪಾಕ್ಸಿ ಬಿಡಿಸಲು ಹೋದರೆ ಮರದ ನಾರೇ ಎದ್ದು ಬರುತ್ತದೆ. ಇವತ್ತಿಗೂ ಸಂಕಟ ಆಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಿಸಬೇಡಿ.

ಹಳೆಯದು ಸಿಗದವರಿಗೆ ಹಳೆ ಮಾದರಿಯ ಹೊಸ ಗಿಟಾರ್ ಇದೆ. ಆಮ್ಲಜನಕ ಕಡಿಮೆ ಇರುವ ಒಲೆಯಲ್ಲಿ ಮೇಲ್ಹಲಗೆಯನ್ನು ಕಾಯಿಸಿರುತ್ತಾರೆ, ಟಾರಿಫೈಡ್ ಅಂತಾರೆ. ಅಂಥ ಮರ ತೇವ ಕಡಿಮೆ ಹೀರುತ್ತದೆ. ನಮ್ಮ ಕರಾವಳಿಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಆದರೂ ನಾನು ಬದಲಿಸುವುದಿಲ್ಲ. ಮಾವನ ಉಗುರು ತಾಗಿ ತಾಗಿ ಸೌಂಡ್‌ಹೋಲ್, ಅಂದರೆ ಮೇಲ್ಹಲಗೆಯ ದುಂಡು ತೂತಿನ ಪಕ್ಕ ಪಾಲಿಶ್ ಹೋಗಿ ಬರೀ ಮರ ಕಾಣುತ್ತದೆ. ನನ್ನ ಬೆರಳೂ ಈಗ ಅಲ್ಲೇ ತಾಗುತ್ತದೆ.